ಸಹಾಯ ಬೇಕು: ಮಳೆಗಾಲದಲ್ಲಿ ಸಂಚಾರಿ ಲೈಬ್ರರಿ ಪುಸ್ತಕಕ್ಕೆ ಬೂಸ್ಟು

ಪೆರ್ಲ, ಪೈವಳಿಕೆ ಕಡೆಯ ಗುಡ್ಡದ ಮನೆಗಳಿಗೆ ಇಗರ್ಜಿಯಿಂದ ಬೈಕಲ್ಲಿ ಪುಸ್ತಕ ಕೊಂಡೋಗುವ ಹುಡುಗ ಮಹಾ ನಾಚಿಕೆಯವ. "ಒಣ ಜಾಗದಲ್ಲಿಡಿ" ಅನ್ನಲೂ ಸಂಕೋಚ. ಮಕ್ಕಳ ಕಥೆಗಳ ಜೊತೆ ಕನ್ನಡ ಬೈಬಲ್ಲೂ ಹೋಗ್ತದೆ. ಆಟಿ ತಿಂಗಳ ಮಳೆಯಲ್ಲಿ ಎಲ್ಲಕ್ಕೂ ಬೂಸ್ಟು. ನುಸಿಗುಳಿಗೆ ಹಾಕಿ ನೋಡಿದ್ದಾಯ್ತು, ಅದು ಹುಳಕ್ಕೆ ಮಾತ್ರ. ಡಬ್ಬಿಯೊಳಗಿನ ಪುಸ್ತಕಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹರಳು ಸಾಕಾಗ್ತದೆ (ನೀಲಿ ಹೋಗಿ ಗುಲಾಬಿಯಾದ್ರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ).

ತಲೆನೋವು ಒದ್ದೆಯಾಗಿ ವಾಪಸು ಬರುವವುಗಳದ್ದು. ಬೈಬಲ್ಲಿನ ತೆಳು ಹಾಳೆ ಫ್ಯಾನಿನಡಿ ಒಣಗ್ತದೆ, ಸುಕ್ಕಾದ್ರೂ ಓದಬಹುದು. ಚಿತ್ರಪುಸ್ತಕದ ನುಣುಪು ಹಾಳೆಗಳು ಅಂಟಿ ಒಣಗಿದ್ರೆ, ಬಿಡಿಸುವಾಗ ಚಿತ್ರವೇ ಕಿತ್ತು ಬರ್ತದೆ.

ಒದ್ದೆ ಇರುವಾಗಲೇ ಹಾಳೆಗಳ ನಡುವೆ ಏನಿಡಬೇಕು, ಬಟರ್ ಪೇಪರೋ ಬಿಳಿ ಬಟ್ಟೆಯೋ? ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು?