ಮಗಳು ಹೋದ ಮೇಲೆ ಅದೇ ಮನೆಯಲ್ಲಿ ಇದ್ದೀರಾ, ಬಿಟ್ಟಿರಾ? ಅನುಭವ ಇದ್ದವರು ಹೇಳಿ

ತುಮಕೂರಿನ ಅಮ್ಮ: ಎಂಟು ವರ್ಷದ ಮಗಳು ಡೆಂಗ್ಯೂ ಬಂದು ತೀರಿಕೊಂಡು ಐದು ತಿಂಗಳು. ಬಾಡಿಗೆ ಮನೆ. ಇವರು ಬಿಟ್ಟುಬಿಡೋಣ ಅಂತಾರೆ, ಅದು ಬಿಟ್ಟು ಬೇರೆ ಮಾತೇ ಇಲ್ಲ. ಮಗ ಆರನೇ ಕ್ಲಾಸು, ಬರಲ್ಲ ಅಂತ ಹಟ. ನೀವೆಲ್ಲ ಏನು ಮಾಡಿದಿರಿ?

ಬೆಂಗಳೂರು, ಮನೆ ಬಿಟ್ಟವಳು: ಬಿಡಿ ಅಕ್ಕ. ನಾವು ಬಿಟ್ಟೆವು, ಇವತ್ತಿಗೂ ಸರಿ ಅಂತಲೇ ಹೇಳ್ತೀನಿ. ಖರ್ಚಿಗೆ ಮಾತ್ರ ರೆಡಿ ಇರಿ. ಹಳೇ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ 18,000 ಹಿಡ್ಕೊಂಡ್ರು, ಅದು ಎಲ್ಲರೂ ಮಾಡೋದೇ. ಅದರ ಮೇಲೆ, ಕಪಾಟಿನ ಬಾಗಿಲಿಗೆ ಮಗ ಅಂಟಿಸಿದ್ದ ಸ್ಟಿಕ್ಕರ್ ಕೀಳಿಸೋಕೆ 2,500! ಆ ಚೀಟಿ ಇನ್ನೂ ಇಟ್ಕೊಂಡಿದೀನಿ. ಹೊಸ ಮನೆಗೆ ಎರಡು ಲಕ್ಷ ಅಡ್ವಾನ್ಸ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸಿದವರಿಗೆ 14,000. ಅವರಲ್ಲೊಬ್ಬ ಸಣ್ಣ ಸೈಕಲ್ ನೋಡಿ "ಇದು ಗುಜರಿಗಾ ಮೇಡಂ" ಅಂದ. ಆದ್ರೆ ಈ ಬೀದೀಲಿ ತರಕಾರಿಯವನು "ಪುಟ್ಟ ಎಲ್ಲಿ" ಅಂತ ಕೇಳಲ್ಲ. ನನಗೆ ಅಷ್ಟು ಸಾಕು.

ಹುಬ್ಬಳ್ಳಿಯಾಂವ: ನಾವು ಮನಿ ಬಿಟ್ಟಿಲ್ಲ, ಬಿಡೂದೂ ಇಲ್ಲ. ಓಡಿ ಹೋದ್ರ ಕಾಗದಪತ್ರ ಬೆನ್ನು ಬಿಡತಾವೇನ್ರಿ? 2015ರಾಗ ಮಗಳ ಹೆಸರಿಲೆ ಸುಕನ್ಯಾ ಸಮೃದ್ಧಿ ಖಾತೆ ತಗದಿದ್ದೆ, ತಿಂಗಳಾ ಸಾವಿರ ರೂಪಾಯಿ. ಕೂಸು ತೀರಿಕೊಂಡ್ರ ಮರಣಪತ್ರ ತಗೊಂಡು, ಖಾತೆ ಮುಚ್ಚಿ, ಬಡ್ಡಿ ಸಮೇತ ಪಾಲಕರಿಗೆ ಕೊಡಬೇಕು, ನಿಯಮ ಐತಿ. ಮರಣಪತ್ರದಾಗ ಇನಿಶಿಯಲ್ ಒಂದು, ಪಾಸ್‌ಬುಕ್ಕಿನಾಗ ಇನ್ನೊಂದು. ಮತ್ತ ಅಫಿಡವಿಟ್, ಸ್ಟಾಂಪ್ ಪೇಪರ್, ನೋಟರಿಗೆ 200. ಎಲ್ಲಾ ಒಯ್ದು ಕೊಟ್ರ ಕೌಂಟರಿನಾಂವ "ಖಾತೆದಾರರ ಸಹಿ ಬೇಕು" ಅಂದ. ಖಾತೆದಾರಳ ಸತ್ತಾಳಪಾ ತಮ್ಮಾ, ಅದಕ್ಕ ಬಂದೇನಿ ಅಂದೆ. ಆಮ್ಯಾಲೆ ರೇಶನ್ ಕಾರ್ಡಿನಾಗಿಂದ ಹೆಸರು ತಗಸೂದು. ಅದನ್ನ ಬರಿಯಂಗಿಲ್ಲ.

ಬೆಂಗಳೂರು, ಮನೆ ಬಿಟ್ಟವಳು: "ಓಡಿ ಹೋದ್ರ" ಅಂದಿದ್ದು ನನಗೇನಾ ಸರ್? ನಾನೂ ರೇಷನ್ ಕಾರ್ಡಿಂದ ಹೆಸರು ತೆಗೆಸಿದೀನಿ. ಮನೆಯಲ್ಲೇ ಕೂತವರು ಶೂರರು, ನಾವು ಹೇಡಿಗಳು ಅಂತಾನಾ?

ಶಿವಮೊಗ್ಗ: ಮನೆ ವಿಷಯ ಹಾಗಿರಲಿ. ನಮ್ಮಲ್ಲಿ ಉಪನಯನ ಆಗದ ಮಗುವಿಗೆ ತಿಥಿ ಇಲ್ಲ ಅಂದುಬಿಟ್ಟರು. ತಾತನಿಗೆ ಇದೆ, ಅಜ್ಜಿಗೆ ಇದೆ, ನನ್ನ ಮಗನಿಗೆ ವರ್ಷಕ್ಕೊಂದು ದಿನ ಇಲ್ಲ. ಕೊನೆಗೆ ಗೋಕರ್ಣಕ್ಕೆ ಹೋಗಿ ನಾರಾಯಣ ಬಲಿ ಮಾಡಿಸಿದೆ. ಫೋನಿನಲ್ಲಿ 9,000 ಅಂದಿದ್ದರು. ಅಲ್ಲಿ ದಕ್ಷಿಣೆ ಬೇರೆ, ವಸ್ತ್ರ ಬೇರೆ, ಗೋದಾನದ ಬದಲಿಗೆ ದುಡ್ಡು ಬೇರೆ, ಎಲ್ಲ ಸೇರಿ 21,000 ದಾಟಿತು. ಆದರೆ ನನ್ನ ಹೆಂಡತಿ ಆ ರಾತ್ರಿ ನಿದ್ದೆ ಮಾಡಿದಳು. ಕೌನ್ಸೆಲಿಂಗ್ ಅನ್ನೋರು ಇದಕ್ಕೇನು ಹೇಳ್ತಾರೋ.

ಮೈಸೂರಿನ ನರ್ಸ್: ಏನೂ ಹೇಳಲ್ಲ ಸರ್, ನಿದ್ದೆ ಬಂದರೆ ಒಳ್ಳೇದೇ. ಬರದವರು ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲೇ ದೀರ್ಘಕಾಲದ ಶೋಕ ಅಂತ ಇದೆ. ಆರು ತಿಂಗಳು ದಾಟಿದರೂ ದಿನದ ಬದುಕು ನಡೆಯದಷ್ಟು ಸಂಕಟ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು, ದೋಷ ಪರಿಹಾರ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ಫೀಸಿಲ್ಲ. ನಾನು ಖಾಸಗಿಗೆ ಹೋದೆ, ಒಂದು ಸಲಕ್ಕೆ 1,500. ಮೊದಲನೆಯವರು "ಇನ್ನೊಂದು ಮಗು ಮಾಡ್ಕೊಳ್ಳಿ" ಅಂದರು, ಎದ್ದು ಬಂದೆ. ಎರಡನೆಯವರ ಹತ್ತಿರ ನಮ್ಮವರು ಬರ್ತಿದ್ದರು, ಕಾರಿನಿಂದ ಇಳೀತಿರಲಿಲ್ಲ.

ಹಾಸನ: ಇನ್ನೊಂದು ಮಗು ಮಾಡ್ಕೊಂಡ್ರೆ ಏನ್ ತಪ್ಪು ಮೇಡಂ? ನಂದು ಆಪರೇಷನ್ ಆಗಿತ್ತು. ಅದನ್ನ ಬಿಡಿಸಿ ಟ್ಯೂಬ್ ಜೋಡಿಸಿದ್ರು, ಪ್ರಯೋಜನ ಆಗ್ಲಿಲ್ಲ. ಐವಿಎಫ್‌ಗೆ 2,10,000 ಪ್ಯಾಕೇಜ್ ಅಂದ್ರು, ಇಂಜೆಕ್ಷನ್ನೇ 85,000 ಮೇಲೆ ಬಿತ್ತು. ಚೀಟಿ ಎತ್ತಿದೆ, ಬಳೆ ಇಟ್ಟೆ. ಐವತ್ತರವರೆಗೆ ಕಾನೂನೇ ಬಿಡುತ್ತೆ, ನೆಂಟರು ನಲವತ್ತಕ್ಕೇ ನಗ್ತಾರೆ. ಈಗ ಮಗನಿಗೆ ಮೂರು ವರ್ಷ. ಯಾರ ಬದಲಿಗೂ ಹುಟ್ಟಿದವನಲ್ಲ ಅವನು.

ಮೈಸೂರಿನ ನರ್ಸ್: ನಿಮಗೆ ಹೇಳಿದ್ದಲ್ಲ ಅಮ್ಮ. ನನಗೆ ಹೇಳಿದವರಿಗೆ ಹೇಳಿದ್ದು.

ಉಳಿದ ಮಗ: ಆರನೇ ಕ್ಲಾಸಿನ ಹುಡುಗನ ಬಗ್ಗೆ ಒಬ್ಬರೂ ಮಾತಾಡಿಲ್ಲ. ತಂಗಿ ಹೋದಾಗ ನನಗೆ ಹತ್ತು. ನನ್ನನ್ನ ಕೇಳದೆ ಊರು ಬಿಟ್ಟರು. ನಡುವರ್ಷ ಟಿಸಿ, ಹೊಸ ಶಾಲೆಯಲ್ಲಿ "ಒಬ್ಬನೇ ಮಗನಾ" ಅಂದರೆ ಏನು ಹೇಳಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಮನೆಯಲ್ಲಿ ಅವಳ ಹೆಸರು ಎತ್ತಿದರೆ ಅಮ್ಮ ಊಟ ಬಿಡೋರು, ನಾನು ಹೆಸರು ಬಿಟ್ಟೆ. ಅವನನ್ನ ಕೇಳಿ ತೀರ್ಮಾನ ಮಾಡಿ.

ಬೆಂಗಳೂರು, ಮನೆ ಬಿಟ್ಟವಳು: ನೀನೂ ಅಪ್ಪ ಆಗಿ ಆಮೇಲೆ ಹೇಳಪ್ಪ.

ಹುಬ್ಬಳ್ಳಿಯಾಂವ: ಹುಡುಗ ಖರೇ ಹೇಳ್ಯಾನ್ರಿ. ಅವನ ಮ್ಯಾಲೆ ಯಾಕ ಸಿಟ್ಟು?

ಮಂಡ್ಯ: ಶಿವಮೊಗ್ಗದೋರೆ, ಇಪ್ಪತ್ತೊಂದು ಸಾವಿರ ಅಂದ್ರೆ ನಿಮ್ಮನ್ನ ಸುಲಿದವ್ರೆ. ನಮ್ ಶ್ರೀರಂಗಪಟ್ಟಣದಲ್ಲಿ ಅರ್ಧಕ್ಕೆ ಮುಗೀತಿತ್ತು.

ಶಿವಮೊಗ್ಗ: ನಾನು ಅಲ್ಲಿ ಚೌಕಾಸಿ ಮಾಡೋಕೆ ಹೋಗಿರಲಿಲ್ಲ ಸ್ವಾಮಿ.

ಮಂಡ್ಯ: ಅದಕ್ಕೇ ಅವರು ಅಷ್ಟು ತಗೊಳ್ಳೋದು. ನಿಮ್ಮ ಹಿಂದೆ ಬಂದೋರಿಗೂ ಅದೇ ರೇಟ್ ಆಯ್ತದೆ.