ನೀರಿನಡಿಯ ದೀಪ: ‘ಎದ್ದು ಕಾಣುವುದು’, ‘ದೂರಕ್ಕೆ ಕಾಣುವುದು’ ಒಂದೆಯೇ?

ಗೆಳೆಯರೇ,

ಮುಳುಗುಗಾರರ ಸುರಕ್ಷತಾ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗಾರರ ಕಣ್ಣಿಗೆ ಬೀಳಲು ಯಾವ ಬಣ್ಣದ ದೀಪ ಒಳ್ಳೆಯದು ಎನ್ನುವಲ್ಲಿ ‘ಅತಿ ಹೆಚ್ಚು ಗೋಚರವಾಗುವ ಬೆಳಕು’ ಎಂದು ಬರೆದು ನಿಂತುಬಿಟ್ಟಿದ್ದೇನೆ. ‘ಗೋಚರ’ ಎಂದರೆ ಕಾಣಿಸುತ್ತದೆ ಎಂದಷ್ಟೇ. ಎಷ್ಟು ದೂರದಿಂದ, ಯಾವುದರ ನಡುವೆ ಎಂಬುದನ್ನು ಅದು ಹೇಳುವುದಿಲ್ಲ. ಇಲ್ಲಿ ಬೇಕಾಗಿರುವುದೇ ಅದು.

ನೀರು ಮೊದಲು ನುಂಗುವುದು ಕೆಂಪನ್ನು. ತಿಳಿಯಾದ ಕಡಲಿನಲ್ಲಿ ಕೂಡ 10 ಮೀಟರ್ ಇಳಿಯುವಷ್ಟರಲ್ಲಿ ಬಿಸಿಲಿನ ಕೆಂಪು ಬಹುಪಾಲು ಮುಗಿದಿರುತ್ತದೆ. 20 ಮೀಟರ್ ಆಳದಲ್ಲಿ ಬೆರಳು ಗೀರಿಕೊಂಡರೆ ಒಸರುವ ನೆತ್ತರು ಹಸಿರುಗಪ್ಪಾಗಿ ಕಾಣುತ್ತದೆ. ಅದರ ಮೇಲೆ ಬಿಳಿ ಟಾರ್ಚ್ ಹಿಡಿದರೆ ತಟ್ಟನೆ ಕೆಂಪು. ತಿಳಿನೀರಿನಲ್ಲಿ ಹೆಚ್ಚು ದೂರ ಸಾಗುವುದು ನೀಲಿ. ಪಾಚಿ, ಕೊಳೆತ ಎಲೆಯ ರಸ ಬೆರೆತ ನೀರು ನೀಲಿಯನ್ನೂ ಹೀರಿಕೊಳ್ಳುವುದರಿಂದ ಅಲ್ಲಿ ಹಸಿರೇ ಮುಂದೆ ಸಾಗುತ್ತದೆ. ಕತ್ತಲೆಗೆ ಪಳಗಿದ ಕಣ್ಣು ಚುರುಕಾಗಿ ಹಿಡಿಯುವುದೂ 507 ನ್ಯಾನೋಮೀಟರ್ ತರಂಗಾಂತರದ ನೀಲಿಹಸಿರನ್ನೇ. ರಾತ್ರಿಯ ಗುರುತುದೀಪಕ್ಕೆ ನಾನಾದರೆ ಹಸಿರನ್ನೇ ಆರಿಸುತ್ತೇನೆ.

ಹೀಗೆ ನೀರಿನಲ್ಲಿ ದೂರ ಸಾಗಿ ಕಾಣುವ ಬೆಳಕಿಗೆ ‘ದೂರಗೋಚರ’ ಎಂಬ ಪದ ಹೊಳೆಯಿತು, ಆದರೆ ಅದು ನಾಲಿಗೆಯ ಮೇಲೆ ನಿಲ್ಲುತ್ತಿಲ್ಲ. ‘ದೂರಕ್ಕೆ ಕಾಣುವ’ ಎಂದರೆ ಯಾರಿಗೂ ತಿಳಿಯುತ್ತದೆ.

ಹಾಗಾದರೆ ‘ಎದ್ದು ಕಾಣುವ’? ಅದಕ್ಕೆ ಹಿನ್ನೆಲೆ ಬೇಕು. ಹಗಲಿನಲ್ಲಿ ಸುತ್ತಲಿನ ನೀರೇ ನೀಲಿಯಾಗಿರುವಾಗ ನೀಲಿ ದೀಪ ಎಷ್ಟೇ ದೂರ ಸಾಗಲಿ, ಅದರೊಳಗೇ ಕರಗಿಹೋಗುತ್ತದೆ. ಅಲ್ಲೇ ಪ್ರತಿದೀಪ್ತ (ಬೆಳಕು ಬಿದ್ದಾಗ ತಾನೂ ಹೊಳೆಯುವ, ಫ್ಲೋರೆಸೆಂಟ್) ಹಳದಿಹಸಿರಿನ ಬಟ್ಟೆ ತೊಟ್ಟವರು ಎದ್ದು ಕಾಣುತ್ತಾರೆ. ದೂರ ಸಾಗುವುದು ನೀರಿಗೂ ಬಣ್ಣಕ್ಕೂ ಇರುವ ನಂಟು, ಎದ್ದು ಕಾಣುವುದು ಬಣ್ಣಕ್ಕೂ ಅದರ ಸುತ್ತಿಗೂ ಇರುವ ನಂಟು. ಇವೆರಡನ್ನು ಒಂದೇ ಪದದಲ್ಲಿ ಕಟ್ಟಿದರೆ ಓದಿದವರು ತಪ್ಪು ದೀಪ ಹಿಡಿದು ಇಳಿದಾರು ಎಂಬುದೇ ನನ್ನ ಆತಂಕ.

ಇನ್ನೊಂದು ತೊಡಕು. ಕದಡಿದ ನೀರಿನಲ್ಲಿ ಟಾರ್ಚ್ ಹಚ್ಚಿದರೆ ಮಣ್ಣಿನ ಕಣಗಳಿಗೆ ತಾಗಿದ ಬೆಳಕು ತಿರುಗಿ ಹಿಡಿದವರ ಮುಖಕ್ಕೇ ಬರುತ್ತದೆ. ಎದುರಿಗೆ ಬಿಳಿ ಮಂಜು ಕವಿದಂತೆ. ಇದಕ್ಕೆ ‘ಹಿಂಚದುರಿಕೆ’ (ಬ್ಯಾಕ್‌ಸ್ಕ್ಯಾಟರ್) ಎಂಬ ಪದ ಪಾಠಪುಸ್ತಕಕ್ಕೆ ಸರಿ. ಕೈಪಿಡಿಯಲ್ಲಿ ‘ಬೆಳಕು ಕಣ್ಣಿಗೆ ರಾಚುತ್ತದೆ’ ಎಂದು ಬರೆಯುವಾಸೆ. ‘ರಾಚು’ ನಿಮ್ಮಲ್ಲಿ ಬಿಸಿಲಿಗಷ್ಟೇ ಸಲ್ಲುತ್ತದೆಯೇ, ದೀಪಕ್ಕೂ ಹೇಳುತ್ತೀರಾ? ‘ಎದ್ದು ಕಾಣುವ’ ಎಂದಾಗ ನಿಮ್ಮ ಮನಸ್ಸಿಗೆ ದೂರವೂ ಬರುತ್ತದೆಯೇ?