ಅಣುಗಳಲ್ಲಿ ಬಿಲ್ವಪತ್ರೆ, ಶಿಲುಬೆ: ವಿದ್ಯಾರ್ಥಿಗಳಿಗೆ ಏನು ಹೇಳಬೇಕು?

ಪ್ರಶ್ನೆ (ಜೀವಶಾಸ್ತ್ರ ಉಪನ್ಯಾಸಕಿ, ತುಮಕೂರು):

ಕಳೆದ ವಾರ ದ್ವಿತೀಯ ಪಿಯುಸಿ ತರಗತಿಯಲ್ಲಿ ಟಿಆರ್‌ಎನ್‌ಎ (ಪ್ರೋಟೀನು ಕಟ್ಟಲು ಅಮೈನೋ ಆಮ್ಲವನ್ನು ಹೊತ್ತು ತರುವ ಅಣು) ಪಾಠ ಮಾಡುವಾಗ, ಮುಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಅದರ ಚಿತ್ರವಿದ್ದ ಪಠ್ಯಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿದು, "ಮೇಡಂ, ಇದು ಬಿಲ್ವಪತ್ರೆ" ಎಂದಳು. ಕೆಳಗೆ ತೊಟ್ಟು, ಮೇಲೆ ಮೂರು ದಳ. ನನಗೂ ಹಾಗೆಯೇ ಕಂಡಿತು. ಒಡನೆಯೇ ಇನ್ನೊಬ್ಬ ವಿದ್ಯಾರ್ಥಿ, ಮನೆಯವರ ವಾಟ್ಸಾಪ್‌ಗೆ ಬಂದಿದ್ದ ಚಿತ್ರವೊಂದನ್ನು ನೆನಪಿಸಿಕೊಂಡು, ಜೀವಕೋಶಗಳನ್ನು ಹಿಡಿದಿಡುವ ಲ್ಯಾಮಿನಿನ್ ಎಂಬ ಪ್ರೋಟೀನು ಶಿಲುಬೆಯ ಆಕಾರದಲ್ಲಿರುವುದು ದೇವರ ಗುರುತೇ ಎಂದು ಕೇಳಿದ. ಇಬ್ಬರೂ ಕೇಳಿದ್ದು ಭಕ್ತಿಯಿಂದಲೇ ಹೊರತು ವಾದಕ್ಕಾಗಿ ಅಲ್ಲ. ಅವರ ಮನಸ್ಸನ್ನು ನೋಯಿಸದೆ, ವಿಷಯವನ್ನೂ ಮರೆಮಾಚದೆ ಏನು ಹೇಳಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಜೀವರಸಾಯನಶಾಸ್ತ್ರ ಸಂಶೋಧಕ, ತಿಪಟೂರು):

ಶಿಲುಬೆಯ ಆಕಾರ ಕಟ್ಟುಕಥೆಯಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ರೂಪರ್ಟ್ ಟಿಂಪ್ಲ್ ಮತ್ತು ಸಂಗಡಿಗರು 1979ರಲ್ಲಿ ಇಲಿಯ ಗಡ್ಡೆಯೊಂದರಿಂದ ಬೇರ್ಪಡಿಸಿ ವಿವರಿಸಿದ ಲ್ಯಾಮಿನಿನ್‌ನಲ್ಲಿ ಆಲ್ಫಾ, ಬೀಟಾ, ಗ್ಯಾಮಾ ಎಂಬ ಮೂರು ಸರಪಳಿಗಳು ಹೆಣೆದುಕೊಂಡು ಒಂದು ಉದ್ದನೆಯ ತೋಳಾಗುತ್ತವೆ. ಮತ್ತೊಂದು ಕಡೆ ಮೂರೂ ಬೇರೆಯಾಗಿ ಚಾಚಿಕೊಂಡು ಮೂರು ಗಿಡ್ಡ ತೋಳುಗಳಾಗುತ್ತವೆ. ಆದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಈ ತೋಳುಗಳು ಒಂದೊಂದು ಅಣುವಿನಲ್ಲಿ ಒಂದೊಂದು ರೀತಿ ಬಾಗಿರುತ್ತವೆ. ವಾಟ್ಸಾಪ್‌ನಲ್ಲಿ ಸುತ್ತುವುದು ಗೆರೆ ಎಳೆದು ನೆಟ್ಟಗೆ ಮಾಡಿದ ಚಿತ್ರ.

ದೇಹದೊಳಗೆ ಅದು ಒಂಟಿಯಾಗಿ ನಿಂತಿರುವುದೂ ಇಲ್ಲ. ಗಿಡ್ಡ ತೋಳುಗಳ ತುದಿಗಳು ಅಕ್ಕಪಕ್ಕದ ಅಣುಗಳನ್ನು ಹಿಡಿದು ಬಲೆಯಾಗುತ್ತವೆ, ಉದ್ದ ತೋಳಿನ ತುದಿ ಜೀವಕೋಶವನ್ನು ಹಿಡಿಯುತ್ತದೆ. ಇನ್ನು, ಲ್ಯಾಮಿನಿನ್ ಎಂಬುದು ಒಂದು ದೊಡ್ಡ ಕುಟುಂಬದ ಹೆಸರು. ಚರ್ಮದ ಹೊರಪದರವನ್ನು ಒಳಪದರಕ್ಕೆ ಬಿಗಿಯುವ ಲ್ಯಾಮಿನಿನ್-332ರಲ್ಲಿ ಗಿಡ್ಡ ತೋಳುಗಳು ಮೊಟಕಾಗಿರುವುದರಿಂದ ಶಿಲುಬೆ ಸರಿಯಾಗಿ ಕಾಣುವುದೇ ಇಲ್ಲ; ಆದರೆ ಅದರ ಜೀನ್ ಕೆಟ್ಟು ಹುಟ್ಟಿದ ಮಗುವಿನ ಚರ್ಮ ಸ್ವಲ್ಪ ಉಜ್ಜಿದರೂ ಬೊಬ್ಬೆ ಏಳುತ್ತದೆ. ಮುಖ್ಯವಾದದ್ದು ಆಕಾರವಲ್ಲ, ಹಿಡಿದಿಡುವ ಕೆಲಸ; ವಿದ್ಯಾರ್ಥಿಗಳಿಗೆ ನಾನಾದರೆ ಇದನ್ನೇ ಮೊದಲು ಹೇಳುತ್ತೇನೆ.

ಉತ್ತರ (ನಿವೃತ್ತ ಶಿಕ್ಷಕ, ಗುಬ್ಬಿ):

ಮೇಡಂ, ನಿಮ್ಮ ಮಕ್ಕಳು ಶಿವಗಂಗೆ ಬೆಟ್ಟವನ್ನು ನೋಡಿಯೇ ಇರುತ್ತಾರೆ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೆಟ್ಟ ಒಂದೇ, ನಿಂತ ಜಾಗ ಬೇರೆ. ನಿಮ್ಮ ವಿದ್ಯಾರ್ಥಿನಿ ಪುಸ್ತಕವನ್ನು ತಿರುಗಿಸಿದ್ದೂ ಅದೇ ಕೆಲಸ, ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಬಿಲ್ವಪತ್ರೆಯಂತೆ ಕಾಣುವ ಆ ಚಿತ್ರ, ಟಿಆರ್‌ಎನ್‌ಎ ಎಳೆಯ ಯಾವ ಭಾಗ ಯಾವ ಭಾಗದೊಂದಿಗೆ ಜೋಡಿಯಾಗುತ್ತದೆ ಎಂಬುದನ್ನು ಕಾಗದದ ಮೇಲೆ ಹರಡಿ ತೋರಿಸುವ ನಕ್ಷೆ. ರಾಬರ್ಟ್ ಹಾಲಿ ಮತ್ತು ಸಂಗಡಿಗರು 1965ರಲ್ಲಿ ಯೀಸ್ಟ್‌ನ ಟಿಆರ್‌ಎನ್‌ಎಯೊಂದರ ಅಕ್ಷರಗಳ (ರಾಸಾಯನಿಕ ಘಟಕಗಳ) ಅನುಕ್ರಮವನ್ನು ಬಿಡಿಸಿದಾಗ ಈ ನಕ್ಷೆ ಬಂದಿತು. ಹತ್ತು ವರ್ಷದೊಳಗೆ ಎಕ್ಸ್-ಕಿರಣಗಳ ಅಧ್ಯಯನದಿಂದ ಅಣುವಿನ ನಿಜವಾದ ಮಡಿಕೆ ಇಂಗ್ಲಿಷಿನ ಎಲ್ ಅಕ್ಷರದಂತಿದೆ ಎಂದು ತಿಳಿಯಿತು. ನಿಮ್ಮ ಪಠ್ಯಪುಸ್ತಕವೂ ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ, ಅಲ್ಲಿ ಸ್ವಲ್ಪ ನಿಲ್ಲಿ. ಬಿಲ್ವಪತ್ರೆಯನ್ನು ನೆನಪಿಗೆ ಆಸರೆಯಾಗಿ ಇಟ್ಟುಕೊಳ್ಳಲಿ. ಸಾಕ್ಷಿಯೆಂದು ಹಿಡಿದರೆ, ನಾಳೆ ಎಲ್ ಆಕಾರವನ್ನು ಕಂಡ ದಿನ ಮಗುವಿನ ಭಕ್ತಿಗೆ ಕಾರಣವಿಲ್ಲದೆ ಪೆಟ್ಟು ಬೀಳುತ್ತದೆ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಆ ನಕ್ಷೆಯನ್ನು ಕತ್ತರಿಸಿಕೊಂಡು ಹೋಗಿ, ಅಕ್ಕಪಕ್ಕದ ಎರಡು ದಳಗಳು ಎಲ್ ಆಕಾರದ ಮೂಲೆಯಲ್ಲಿ ಒಂದನ್ನೊಂದು ಮುಟ್ಟುವಂತೆ ಮಡಿಸಿ ತೋರಿಸಿದೆ. ಒಂದು ತುದಿಗೆ ತೊಟ್ಟು ಬಂದಿತು, ಇನ್ನೊಂದು ತುದಿಗೆ ನಡುವಿನ ದಳ. ಅದೇ ವಿದ್ಯಾರ್ಥಿನಿ ರಟ್ಟನ್ನು ಕೈಗೆ ತೆಗೆದುಕೊಂಡು, ತೊಟ್ಟಿನಲ್ಲಿ ಅಮೈನೋ ಆಮ್ಲ, ದಳದ ತುದಿಯಲ್ಲಿ ಸಂಕೇತ ಓದುವ ಮೂರು ಅಕ್ಷರಗಳು ಎಂದು ತಾನೇ ಗುರುತು ಮಾಡಿ, ಇವೆರಡೂ ಇಷ್ಟು ದೂರ ಇರಬೇಕಾದ ಅಗತ್ಯವೇನು ಎಂದು ಕೇಳಿದಳು. ನಾಳೆಯ ಪಾಠ ಅಲ್ಲಿಂದ ಆರಂಭವಾಗುತ್ತದೆ.